ಪೊಲೀಸರನ್ನು ಕರೆಸಿದ ಸಾಹುಕಾರ

ದುಡ್ಡಿಗೇನೂ ಕಡಿಮೆಯಿಲ್ಲದ ಒಬ್ಬ ಸಾಹುಕಾರನ ಕಥೆ ಹೇಳುತ್ತೇನೆ, ಕೇಳಿ. ಯಾವ ಊರಿನವನು ಅಂತ ಕೇಳಬೇಡಿ. ಹೇಳಿಬಿಟ್ಟರೆ ಅವನು ನಿಮ್ಮಲ್ಲೇ ಯಾರಿಗೋ ಬೀಗನಾಗಿರಬಹುದು, ಆಮೇಲೆ ನನ್ನನ್ನು ಪ್ರಸಾದಕ್ಕೆ ಕರೆಯುವವರು ಇರುವುದಿಲ್ಲ. ಮಂಡಕ್ಕಿ ಭಟ್ಟಿಗಳ ಸಾಹುಕಾರ ಅನ್ನಿ, ಅಷ್ಟು ಸಾಕು.

ಅವನಿಗೆ ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದ ಒಬ್ಬಳೇ ಮಗಳು, ನೀಲು. ನಾಲ್ಕು ವರ್ಷದವಳು. ನಾಲ್ಕು ವರ್ಷದ ಮಗು ಹೇಗಿರುತ್ತದೆ, ನಿಮಗೆ ಗೊತ್ತಲ್ಲ? ಈಗ ನಗು, ಇನ್ನೊಂದು ಗಳಿಗೆಗೆ ಅಳು. ಬಲೂನು ಒಡೆದರೆ ಅಳು, ಬಿಸ್ಕತ್ತು ಮುರಿದರೆ ಅಳು, ಅಮ್ಮ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಲೋಕವೇ ಮುಳುಗಿತೆಂಬಂತೆ ಅಳು. ಅದು ಬೇರೆ ಏನು ಮಾಡಬೇಕು ಹೇಳಿ? 'ನನಗೆ ಹೆದರಿಕೆಯಾಗಿದೆ' ಎಂದು ಬಾಯಿಬಿಟ್ಟು ಹೇಳಲು ಅದಕ್ಕಿನ್ನೂ ಬರುವುದಿಲ್ಲ. ಅಳುವುದೇ ಅದರ ಮಾತು.

ಈ ಅಳು ಮಾತ್ರ ಸಾಹುಕಾರನ ಕಿವಿಗೆ ಬೀಳಕೂಡದು. ಬಿತ್ತೋ, ಅವನ ಹತ್ತಿರ ಔಷಧಿ ಸಿದ್ಧ.

"ಮತ್ತ ಅತ್ತಿ? ಪೊಲೀಸಪ್ಪ ಬಾಗಲದಾಗ ನಿಂತಾನ ನೋಡು. ಅಳೋ ಹುಡುಗ್ರನ್ನ ಹಿಡಕೊಂಡು ಹೋಗಿ ಕತ್ತಲ ಕೋಣ್ಯಾಗ ಹಾಕ್ತಾನ."

ಮಗು ಗಕ್ಕನೆ ನಿಲ್ಲಿಸುತ್ತಿತ್ತು. ತುಟಿ ನಡುಗುತ್ತಿತ್ತು, ಕಣ್ಣಲ್ಲಿ ನೀರು ತುಂಬಿಕೊಂಡೇ ಇರುತ್ತಿತ್ತು, ಸದ್ದು ಮಾತ್ರ ಇಲ್ಲ. ಸಾಹುಕಾರನಿಗೆ ಖುಷಿಯೋ ಖುಷಿ. ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ, "ನಮ್ಮ ನೀಲು ಭಾಳ ಶ್ಯಾಣ್ಯಾಕಿ. ಅಳೂದ ಬಿಟ್ಟಾಳ."

ಬಿಟ್ಟಿರಲಿಲ್ಲ, ತಾಯಂದಿರೇ. ನುಂಗುವುದನ್ನು ಕಲಿತಿದ್ದಳು. ಹೆಂಡತಿ ಒಮ್ಮೆ ಹೇಳಿಯೂ ನೋಡಿದಳು, "ನಿದ್ದ್ಯಾಗ ಬೆಚ್ಚಿ ಬೀಳ್ತಾಳ್ರಿ. ಪೊಲೀಸರ ಸುದ್ದಿ ಬಿಡ್ರಿ ಇನ್ನ."

"ನಾವೂ ಹಂಗ ಬೆಳದವ್ರು. ನಮಗೇನಾಗೇತಿ ಈಗ?" ಅಂದ ಸಾಹುಕಾರ. ನೋಡಿ, ನಾವೆಲ್ಲ ಇದನ್ನೇ ಹೇಳುವುದು. ನಮಗೇನಾಗಿದೆ, ನಮಗೇನಾಗಿದೆ. ಏನೂ ಆಗಿಲ್ಲವೇ?

ಆಯಿತು. ಸಾಹುಕಾರನ ತಂಗಿಯ ಮಗನ ಮದುವೆ ಬಂತು. ಊರಾಚೆ ಹೆದ್ದಾರಿಗೆ ಅಂಟಿಕೊಂಡಿದ್ದ ಕಲ್ಯಾಣಮಂಟಪ. ಅಕ್ಷತೆ ಬೀಳುವ ಹೊತ್ತಿಗೆ ಬ್ಯಾಂಡಿನವರು ಕಿವಿ ಕಿತ್ತುಹೋಗುವ ಹಾಗೆ ಬಾರಿಸಿದರು. ಜನ ನುಗ್ಗಿದರು. ಮಗು ಗಂಡನ ಹತ್ತಿರ ಇದೆ ಎಂದು ಹೆಂಡತಿ ತಿಳಿದಳು, ಹೆಂಡತಿಯ ಹತ್ತಿರ ಇದೆ ಎಂದು ಗಂಡ ತಿಳಿದ. ಗಂಡ ಊಟದ ಎಲೆಯ ಮುಂದೆ ಕೂತಾಗ ಅವಳು ಬಂದು ಕೇಳಿದಳು, "ನೀಲು ಎಲ್ಲಿ ಅದಾಳ್ರಿ?"

ಸಾಹುಕಾರನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಎಂಜಲು ಕೈಯಲ್ಲೇ ಎದ್ದು ಓಡಿದ. ಗೇಟು ಹಾರುಹೊಡೆದಿತ್ತು. ಹೊರಗೆ ಲಾರಿಗಳ ಮೇಲೆ ಲಾರಿ. ಎಲ್ಲಾದರೂ ಬ್ರೇಕು ಕಿರುಚಿದರೆ ಅತ್ತ ಓಡುತ್ತಿದ್ದ. ನೀಲುವಿನಂಥದೇ ಹಳದಿ ಫ್ರಾಕಿನ ಮಗುವೊಂದು ಕಂಡಿತು, ಹೋಗಿ ಹಿಡಿದು ತಿರುಗಿಸಿದರೆ ಬೇರೆ ಯಾರದೋ ಮುಖ. ವಧುವಿನ ಕೋಣೆ ನೋಡಿದ, ವೇದಿಕೆಯ ಕೆಳಗೆ ಬಗ್ಗಿ ನೋಡಿದ, ಕಾರುಗಳ ಕೆಳಗೆ ನೋಡಿದ. ಕಳೆದುಹೋದ ಮಗು ಎಲ್ಲಾದರೂ ಅಳಬೇಕಲ್ಲ, ಯಾಕೆ ಒಂದು ಸದ್ದೂ ಇಲ್ಲ ಎಂದು ಹೆಂಡತಿ ಕೇಳುತ್ತಲೇ ಇದ್ದಳು. ಕೊನೆಗೆ ತಾನೇ ಪೊಲೀಸರಿಗೆ ಫೋನು ಮಾಡಿದ.

ಪೇದೆಯೊಬ್ಬ ಬಂದ. ಒಳ್ಳೆಯ ಮನುಷ್ಯ, ಅವನೂ ಮಕ್ಕಳೊಂದಿಗ. ಒಂದೊಂದೇ ಕೋಣೆಗೆ ಹೋಗಿ ಮೃದುವಾಗಿ ಕರೆದ, "ನೀಲವ್ವಾ, ಬಾರವ್ವ. ಪೊಲೀಸ್ ಮಾಮಾ ಬಂದೀನಿ. ಎಲ್ಲಿದ್ದರೂ ಬಾ."

ಪಾಪ, ಅವನಿಗೇನು ಗೊತ್ತು? ಅವನು ಕರೆದಷ್ಟೂ ಮಗು ಇನ್ನಷ್ಟು ಉಸಿರು ಬಿಗಿಹಿಡಿಯುತ್ತಿತ್ತು.

ಹುಡುಕುತ್ತ ಹುಡುಕುತ್ತ ಅಡಿಗೆಮನೆಯ ಹಿಂದೆ, ಪಾತ್ರೆ ತೊಳೆಯುವ ಜಾಗಕ್ಕೆ ಬಂದರು. ಅಲ್ಲಿ ನೆಲದೊಳಗೆ ನೀರಿನ ಸಂಪು. ಮುಚ್ಚಳ ಸರಿದಿತ್ತು. ಪಕ್ಕದಲ್ಲಿ ಒಂದು ಪುಟ್ಟ ಚಪ್ಪಲಿ.

ನೀಲುವಿನ ಚಪ್ಪಲಿ.

ಪೇದೆ ಬೂಟು ಕಳಚಿದ, ಖಾಕಿ ಬಟ್ಟೆಯಲ್ಲೇ ಸಂಪಿನೊಳಗೆ ಇಳಿದ. ಎದೆಮಟ್ಟದ ನೀರು. ಕಾಲಿನಿಂದ ತಳ ತಡಕಾಡತೊಡಗಿದ. ಸಾಹುಕಾರ ಎಂಜಲು ನೀರಿನ ನೆಲದ ಮೇಲೆ, ರೇಷ್ಮೆ ಪಂಚೆಯಲ್ಲಿ, ಕೂತುಬಿಟ್ಟ. ತಂದೆ ಸತ್ತಾಗಲೂ ನಾಲ್ಕು ಜನರ ಮುಂದೆ ಕಣ್ಣೀರು ಹಾಕದ ಗಂಡಸು ಬಾಯಿ ತೆರೆದು ಹೋ ಎಂದು ಅತ್ತ. ಎದೆ ಬಡಿದುಕೊಂಡು ಅತ್ತ.

ಆಗ ಹಿಂದಿನಿಂದ ಒಂದು ಪುಟ್ಟ ಕೈ ಬಂದು ಅವನ ಬಾಯಿ ಮುಚ್ಚಿತು.

"ಅಪ್ಪಾ, ಸುಮ್ಕಿರು. ಪೊಲೀಸ್ ಇಲ್ಲೇ ಅದಾನ. ನಿನ್ನ ಹಿಡಕೊಂಡು ಹೋಗ್ತಾನ."

ಗೋಡೆಯ ಕಡೆಗೆ ಬಾಯಿ ಮಾಡಿ ಉರುಳಿಸಿಟ್ಟಿದ್ದ ದೊಡ್ಡ ಕೊಪ್ಪರಿಗೆಯೊಳಗೆ ಇಷ್ಟು ಹೊತ್ತೂ ಕೂತಿದ್ದಳು ನೀಲು. ಬ್ಯಾಂಡಿನ ಸದ್ದಿಗೆ ಹೆದರಿ ದಾರಿ ತಪ್ಪಿದ್ದಳು, ಅಳು ಬಂದಿತ್ತು, ಅಳು ಬಂದರೆ ಪೊಲೀಸ್ ಬರುತ್ತಾನೆ, ಅದಕ್ಕೇ ಓಡಿಬಂದು ಅಡಗಿದ್ದಳು, ಓಡುವಾಗ ಸಂಪಿನ ಹತ್ತಿರ ಒಂದು ಚಪ್ಪಲಿ ಕಳಚಿಬಿದ್ದಿತ್ತು. ನಿಜವಾಗಿಯೂ ಬಂದೇ ಬಿಟ್ಟನಲ್ಲ! ಮುಖವೆಲ್ಲ ಮಸಿ. ಸದ್ದು ಹೊರಗೆ ಬಾರದಿರಲೆಂದು ಫ್ರಾಕಿನ ಅಂಚು ಕಚ್ಚಿ ಕಚ್ಚಿ ಹರಿದುಬಿಟ್ಟಿದ್ದಳು. ಅಮ್ಮ ಕರೆದಾಗ ಬರಲಿಲ್ಲ, ಅಪ್ಪ ಕೂಗಿದಾಗ ಬರಲಿಲ್ಲ. ಅಪ್ಪನನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ ಎಂದು ಅನಿಸಿದಾಗ ಬಂದಳು. ಎಷ್ಟು ಹೆದರಿಕೆಯಿತ್ತು ಆ ಜೀವಕ್ಕೆ, ಎಷ್ಟು ಪ್ರೀತಿಯಿತ್ತು, ನೀವೇ ಲೆಕ್ಕ ಹಾಕಿ.

ಸಾಹುಕಾರ ಅವಳನ್ನು ಎದೆಗೆ ಒತ್ತಿಕೊಂಡು, "ನೀನೂ ಅಳವ್ವ, ಯಾರೂ ಏನೂ ಅನ್ನೂದಿಲ್ಲ" ಅಂದ. ಅವಳು ಅಳಲಿಲ್ಲ. ಸಂಪಿನಿಂದ ಮೇಲೆ ಬಂದು ನೀರು ಸುರಿಸುತ್ತ ನಿಂತಿದ್ದ ಪೇದೆಯನ್ನೇ ನೋಡುತ್ತ ಮೈ ಸೆಟೆದುಕೊಂಡು ಕೂತಳು. ಪೇದೆಗೆ ಎಲ್ಲ ಅರ್ಥವಾಯಿತು. ಬೂಟು ಕೈಯಲ್ಲಿ ಹಿಡಿದು, ಅವಳ ಕಣ್ಣಿಗೆ ಬೀಳದ ಕಡೆ ಹೋದ. ಮನೆಗೆ ಹೋದಮೇಲೂ ಅವಳು ಅಳಲಿಲ್ಲ. ಆ ಮಗು ಮತ್ತೆ ಬಾಯಿಬಿಟ್ಟು ಅಳಲಿ ಎಂದು ಆ ತಂದೆ ತಾಯಿ ಎಷ್ಟೋ ತಿಂಗಳು ದೇವರಿಗೆ ಕೈ ಮುಗಿದರು.

ಸಾಹುಕಾರನನ್ನು ಬೈದುಕೊಂಡಿರಾ ಮನಸ್ಸಿನಲ್ಲಿ? ಬೈಯಿರಿ. ಈಗ ನಿಮ್ಮ ಮನೆಗೆ ಬರೋಣ. ನಿಮ್ಮ ಮನೆಯಲ್ಲಿ ಯಾರಿದ್ದಾರೆ? ಸೂಜಿ ಚುಚ್ಚುವ ಡಾಕ್ಟರೋ, ಬೆತ್ತ ಹಿಡಿದು ಬರುವ ಮೇಷ್ಟರೋ? ಕಷ್ಟ ಬಂದಾಗ ಯಾರ ಹತ್ತಿರ ಮಗು ಓಡಿಹೋಗಬೇಕೋ ಅವರನ್ನೇ ಗುಮ್ಮ ಮಾಡಿಟ್ಟಿದ್ದೀರಿ. ನಾಳೆ ಅದಕ್ಕೆ ನಿಜವಾದ ಕಷ್ಟ ಬಂದರೆ ಎಲ್ಲಿ ಅಡಗುತ್ತದೆಯೋ, ನಿಮಗೆ ಗೊತ್ತೇ?

ಇವತ್ತಿನಿಂದ ಒಂದು ಕೆಲಸ ಮಾಡಿ. ಮಗು ಅತ್ತರೆ ಕೆಳಗೆ ಕೂತುಕೊಳ್ಳಿ, ಅದರ ಎತ್ತರಕ್ಕೆ ಬನ್ನಿ. 'ಬಲೂನು ಒಡೀತು ಅಂತ ಬೇಜಾರಾಯ್ತಾ? ಸದ್ದಿಗೆ ಹೆದರಿಕೆ ಆಯ್ತಾ?' ಎಂದು ಕೇಳಿ. ತನ್ನೊಳಗೆ ಆಗುತ್ತಿರುವುದಕ್ಕೆ ಒಂದು ಹೆಸರಿದೆ ಅಂತ ಅದಕ್ಕೆ ಗೊತ್ತಾಗಲಿ. ನಾಳೆ ಅದು ತಾನೇ ಹೇಳುತ್ತದೆ. ಹಟ ಮಾಡಿದರೆ ಕೇಳಿದ್ದೆಲ್ಲ ಕೊಡಿಸಿ ಅಂತ ನಾನು ಹೇಳುತ್ತಿಲ್ಲ, ಬೇಡ ಅನ್ನುವುದಿದ್ದರೆ ಬೇಡ ಅನ್ನಿ. ಅಳು ಮುಗಿಯುವ ತನಕ ಹತ್ತಿರ ಇರಿ, ಅಷ್ಟೆ. ಹೆದರಿಸಿ ಬಾಯಿ ಮುಚ್ಚಿಸಬೇಡಿ.

ಕೊನೆಯದಾಗಿ ಒಂದು ಮಾತು. ನಾನು ಮಾತು ಶುರು ಮಾಡುವ ಮುಂಚೆ ಆ ಕಂಬದ ಹತ್ತಿರ ಒಂದು ಮಗು ಅಳುತ್ತಿತ್ತು. 'ಸುಮ್ಕಿರು, ಸ್ವಾಮಿಗಳು ಬೈತಾರ' ಎಂದು ಯಾರೋ ಅಂದಿರಿ. ನನ್ನ ಕಿವಿ ಇನ್ನೂ ಚುರುಕಾಗಿದೆ. ಮಗು ಸುಮ್ಮನಾಯಿತು. ಆಗಿನಿಂದ ತಾಯಿಯ ಸೆರಗಿನ ಹಿಂದಿನಿಂದ ನನ್ನನ್ನೇ ನೋಡುತ್ತಿದೆ, ಹೆದರಿಕೊಂಡು. ಅದನ್ನು ಕಂಡೇ ಈ ಕಥೆ ಹೇಳಿದೆ. ತಾಯೀ, ತಲೆ ತಗ್ಗಿಸಬೇಡ. ಮಗುವನ್ನು ಮಡಿಲಿಗೆ ತೆಗೆದುಕೊ. ಸ್ವಾಮಿಗಳು ಬೈಯುವುದಿಲ್ಲ ಅಂತ ಅದರ ಕಿವಿಯಲ್ಲಿ ಹೇಳು. ಒಳಗೆ ಅಳು ಉಳಿದಿದ್ದರೆ ಈಗಲೇ ಅತ್ತು ಮುಗಿಸಲಿ. ಮಂಗಳಾರತಿ ಸ್ವಲ್ಪ ತಡವಾದರೆ ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ, ನಾವೆಲ್ಲ ಕಾಯುತ್ತೇವೆ.