ಮುಕ್ಕಾಲು ಲೀಟರ್ ಫ್ಲಾಸ್ಕ್

ಇದು ಎಲ್ಲೋ ಯಾರೋ ಹೇಳಿದ್ದಲ್ಲ. ನನ್ನ ದೊಡ್ಡಮ್ಮನ ಮಗನಿಗೇ ಆದದ್ದು. ಲಾರಿ ರಿಪೇರಿ ಗ್ಯಾರೇಜಿನಲ್ಲಿ ಹದಿನಾರು ವರ್ಷ ದುಡಿದವನು. ಯಾರು ಏನು ಕೇಳಿದರೂ, ಮಾತು ಪೂರ್ತಿ ಮುಗಿಯುವ ಮೊದಲೇ ‘ಹೂಂ’ ಅಂದುಬಿಡುತ್ತಿದ್ದ. ಅದಕ್ಕೇ ಎಲ್ಲರ ಬಾಯಲ್ಲಿ ಅವನು ಹೂಂಗಪ್ಪ. ದೇವರು ಮೇಲಿದ್ದಾನೆ, ಒಂದು ಮಾತೂ ಸೇರಿಸದೆ ಹೇಳುತ್ತೇನೆ.

ಅವತ್ತು ಗ್ಯಾರೇಜಿನ ಬಾಗಿಲು ಎಳೆದು ಹೊರಟಾಗ ಹತ್ತೂವರೆ. ಮನೆಯ ದಾರಿ ಒಂದು ಹಳೇ ಬಾವಿಯನ್ನು ಹಾದು ಹೋಗುತ್ತದೆ. ಬಾವಿಯಿಂದ ಹತ್ತು ಹೆಜ್ಜೆ ಆಚೆ ಮೇಸ್ತ್ರಿಯ ಮನೆ. ಹೂಂಗಪ್ಪನಿಗೆ ಕೆಲಸ ಕಲಿಸಿದ ಮೇಸ್ತ್ರಿ. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಮನೆಯಲ್ಲಿ ಈಗ ಅವರ ಹೆಂಡತಿ ಒಬ್ಬರೇ.

ಬಾವಿಯ ಹತ್ತಿರ ಬಂದ. ಒಳಗಿನಿಂದ ಕೇಳಿಸಿತು.

ಸರ್‌ರ್‌ರ್...

ಉದ್ದ ಕೊಳವೆಯೊಳಗಿಂದ ತೆಳ್ಳನೆಯ ಉಕ್ಕಿನ ಕಡ್ಡಿ ಎಳೆದ ಸದ್ದು. ಆಮೇಲೆ ಅದನ್ನು ಬಟ್ಟೆಯಲ್ಲಿ ಹಿಡಿದು ಒರೆಸಿದ ಸದ್ದು, ಚುಯ್ ಅಂತ ಒಂದೇ ಎಳೆತ. ಮತ್ತೆ ಸರ್‌ರ್‌ರ್... ಕೊನೆಗೆ, ಟಕ್.

ಹದಿನಾರು ವರ್ಷ ಕೇಳಿದ ಸದ್ದು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಲಾರಿಯಲ್ಲಿ ಎಣ್ಣೆ ನೋಡುವುದು ಹೀಗೆ. ಗಾಡಿ ಸಮನೆಲದಲ್ಲಿ ನಿಂತಿರಬೇಕು, ಇಂಜಿನ್ ಓಡುತ್ತಿರಬೇಕು, ಎಣ್ಣೆ ಬಿಸಿಯಾಗಿರಬೇಕು. ಕಡ್ಡಿ ಎಳೆದು ಒರೆಸಿ, ಮತ್ತೆ ತೂರಿಸಿ ಎಳೆದರೆ ಎಣ್ಣೆ ಮೇಲಿನ ಗೆರೆ ಮುಟ್ಟಿರಬೇಕು. ಎಲ್ಲ ಸರಿ... ಬಾವಿಯೊಳಗೆ ಯಾವ ಲಾರಿ?

“ನ್ಯೂಟ್ರಲ್‌ಗೆ ಹಾಕಿದ್ಯೇನೋ?”

ಪಿಸುದನಿ. ಕೆಳಗಿನಿಂದ.

“ಹೂಂ ಮೇಸ್ತ್ರಿ,” ಅಂದುಬಿಟ್ಟ. ಬಾಯಿಗೆ ಬಿದ್ದ ಅಭ್ಯಾಸ. ಅಂದವನೇ ಓಡಿದ. ಮನೆಯ ಬಾಗಿಲು ಮುಟ್ಟುವವರೆಗೂ ಹಿಂದೆ ತಿರುಗಲಿಲ್ಲ.

ಆ ಪ್ರಶ್ನೆ, ಮೇಸ್ತ್ರಿ ಬದುಕಿದ್ದಾಗ ಕೇಳಿದ ಕೊನೆಯ ಪ್ರಶ್ನೆ. ಅದು ಗೊತ್ತಿದ್ದದ್ದು ಹೂಂಗಪ್ಪನಿಗೆ ಮಾತ್ರ.

ಮಾರನೆಯ ನಸುಕಿನಲ್ಲಿ, ಗಾಡಿ ಹೊರಡುವ ಮೊದಲು, ಹಾಲಿನ ಲಾರಿಯ ಗೇರ್‌ಬಾಕ್ಸ್ ಎಣ್ಣೆ ನೋಡಿದ. ಅದೂ ಆಟೋಮ್ಯಾಟಿಕ್ ಗಾಡಿಯೇ. ಕಡಿಮೆ. ಹಿಂದಿನ ಸಂಜೆ ಮೇಲಿನ ಗೆರೆಗೆ ಸರಿಯಾಗಿ ಇದ್ದದ್ದು, ಈಗ ಎರಡು ಬೆರಳು ಕೆಳಗೆ. ಮುಕ್ಕಾಲು ಲೀಟರ್ ಹಾಕಿದ ಮೇಲೆ ಸರಿಹೋಯಿತು. ಆ ಲಾರಿ ಓಡಿಸುವವನು ಅವನ ಹೆಂಡತಿಯ ತಮ್ಮ. ದಿನಾ ನಸುಕಿನಲ್ಲಿ ಹಾಲು ತುಂಬಿಕೊಂಡು ಗುಡ್ಡ ಹತ್ತಿ, ಆ ಕಡೆ ಹನ್ನೊಂದು ತಿರುವು ಇಳಿಯಬೇಕು.

ಆ ರಾತ್ರಿಯೂ ಬಾವಿ. ಸರ್‌ರ್‌ರ್... ಚುಯ್... ಟಕ್. “ನ್ಯೂಟ್ರಲ್‌ಗೆ ಹಾಕಿದ್ಯೇನೋ?” ತುಟಿ ಕಚ್ಚಿ ಹಿಡಿದರೂ ಒಳಗಿನಿಂದ ‘ಹೂಂ’ ಹೊರಟೇಬಿಟ್ಟಿತು. ಬೆಳಗ್ಗೆ ಮತ್ತೆ ಮುಕ್ಕಾಲು ಲೀಟರ್ ಕಡಿಮೆ.

ಹೂಂಗಪ್ಪ ಕೈಕಟ್ಟಿ ಕೂರಲಿಲ್ಲ. ಸೀಲ್ ಬದಲಿಸಿದ. ಎಣ್ಣೆ ತಂಪಾಗಲು ಹೋಗಿಬರುವ ಪೈಪುಗಳನ್ನು ಬೆರಳಿಂದ ಸವರಿ ನೋಡಿದ. ಎಣ್ಣೆ ನೀರಿಗೆ ಸೇರುತ್ತಿದೆಯೋ ಅಂತ ರೇಡಿಯೇಟರ್ ಮುಚ್ಚಳ ಬಿಚ್ಚಿ ಇಣುಕಿದ. ನೀರು ತಿಳಿಯಾಗಿತ್ತು. ರಾತ್ರಿ ಲಾರಿಯ ಕೆಳಗೆ ಬಿಳೀ ರಟ್ಟು ಹಾಸಿ ಹೋದ. ಬೆಳಗ್ಗೆ ರಟ್ಟು ಹಾಸಿದ ಹಾಗೇ ಇತ್ತು. ಒಂದು ಹನಿ ಇಲ್ಲ. ಕಡ್ಡಿ ನೋಡಿದರೆ ಎರಡು ಬೆರಳು ಕೆಳಗೆ.

ಲಾರಿಯೂ ಗ್ಯಾರೇಜೂ ಎರಡೂ ಒಬ್ಬರೇ ಯಜಮಾನರದು. “ಗಾಡಿ ನಾಲ್ಕು ದಿನ ನಿಲ್ಸೋಣ,” ಅಂತ ಅವರ ಮುಂದೆ ನಿಂತ.

“ಸೋರೋದು ಎಲ್ಲಿ ತೋರ್ಸು, ಈಗ್ಲೇ ನಿಲ್ಲಿಸ್ತೀನಿ,” ಅಂದರು ಯಜಮಾನರು. ಪಕ್ಕದಲ್ಲಿದ್ದವನು ನಕ್ಕ. “ರಾತ್ರಿ ಹೊತ್ತು ಇವನೇ ಕುಡೀತಾನೋ ಏನೋ. ಬಾಯಿ ಮೂಸಿ ನೋಡಿ.” ಎಲ್ಲರೂ ನಕ್ಕರು. ಹೂಂಗಪ್ಪನೂ ನಗಲು ನೋಡಿದ. ಆಗಲಿಲ್ಲ.

ಒಂದು ರಾತ್ರಿ ಬಾವಿಯ ದಾರಿ ಬಿಟ್ಟು ಊರು ಸುತ್ತಿ ಮನೆಗೆ ಬಂದ. ಚಿಲಕ ಹಾಕಿ ಮಲಗಿದ. ಆಗ ಹಿತ್ತಲಿನಲ್ಲಿ... ಸರ್‌ರ್‌ರ್... ಟಕ್. ಹೆಂಡತಿ ಮಗ್ಗಲು ಬದಲಿಸಿ, “ಯಾರಿಗೆ ಹೂಂಗುಡ್ತಿದ್ದೀರಿ ನಿದ್ದೇಲಿ?” ಅಂದಳು. ಇವನು ನಿದ್ದೆ ಮಾಡಿರಲೇ ಇಲ್ಲ.

ಎಂಟನೆಯ ಸಂಜೆ ಭಾವಮೈದ ಮನೆಗೆ ಬಂದ. ಚಪ್ಪಲಿ ಕೂಡ ಬಿಡಲಿಲ್ಲ, ಹೊಸ್ತಿಲ ಮೇಲೇ ಕುಸಿದ.

“ಭಾವ, ಇವತ್ತು ಇಳಿಜಾರಲ್ಲಿ ಗೇರ್ ಹಿಡೀಲೇ ಇಲ್ಲ.”

“ಅಂದ್ರೆ?”

“ಅಂದ್ರೆ ಏನು? ಗಾಡಿ ಸುಮ್ನೆ ಓಡ್ತು. ಇಂಜಿನ್ನು ಹೊಂಯ್ ಅಂತ ಕೂಗುತ್ತೆ, ಗಾಡೀನ ತಡೆಯೋದಿಲ್ಲ. ಬ್ರೇಕ್ ತುಳಿದೂ ತುಳಿದೂ ಹೊಗೆ ಬಂತು. ಒಂಬತ್ತನೇ ತಿರುವಲ್ಲಿ ಗುಡ್ಡಕ್ಕೆ ಒರೆಸಿ ನಿಲ್ಲಿಸ್ದೆ. ಎಣ್ಣೆ ನೋಡಿದ್ಯಾ ಭಾವ ನೀನು?”

“ಹೂಂ,” ಅಂದ. ಅದು ನಿಜವೇ ಆಗಿತ್ತು, ಬೆಳಗ್ಗೆ ಮೇಲಿನ ಗೆರೆಗೆ ತುಂಬಿಸಿಯೇ ಕಳಿಸಿದ್ದ. ಆದರೂ ತನ್ನ ಹೂಂ ತನಗೇ ಸುಳ್ಳು ಕೇಳಿಸಿತು.

ತಮ್ಮ ಹೋದಮೇಲೆ ಹೆಂಡತಿ ಪಾತ್ರೆ ತೊಳೆಯುತ್ತಾ, ಈ ಕಡೆ ತಿರುಗದೆ ಹೇಳಿದಳು. “ನನಗಿರೋನು ಅವನೊಬ್ಬ. ನಾಳೆ ಬೆಳಗ್ಗೆ ಮತ್ತೆ ಹೋಗ್ತಾನೆ. ಗೊತ್ತಲ್ಲ?”

ಹೂಂಗಪ್ಪ ಎದ್ದು ಹೊರಟ. ಅವತ್ತು ತಾನಾಗಿಯೇ ಬಾವಿಗೆ ಹೋದ. ಕಟ್ಟೆ ಹಿಡಿದು ನಿಂತ. ಸುತ್ತ ಒಂದು ಹುಳದ ಸದ್ದೂ ಇಲ್ಲ.

ಸರ್‌ರ್‌ರ್... ಚುಯ್... ಸರ್‌ರ್‌ರ್... ಟಕ್.

“ನ್ಯೂಟ್ರಲ್‌ಗೆ ಹಾಕಿದ್ಯೇನೋ?”

ಗಂಟಲಿಗೆ ಹೂಂ ಬಂದಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಆಮೇಲೆ ಕೈ ತೆಗೆದ.

“ಇಲ್ಲ ಮೇಸ್ತ್ರಿ. ಹಾಕಿರ್ಲಿಲ್ಲ. ನಾನು ನೋಡೇ ಇರ್ಲಿಲ್ಲ.”

ಕೆಳಗೆ ಯಾರೋ ಉಸಿರು ಬಿಟ್ಟ ಹಾಗಾಯಿತು. ಅಷ್ಟೇ.

“ಯಾರದು?” ಅಂತ ಹಿಂದಿನಿಂದ ಕೇಳಿದರು. ಹೂಂಗಪ್ಪ ಚೀರಲಿಲ್ಲ ಅನ್ನುವುದೇ ದೊಡ್ಡದು. ಮೇಸ್ತ್ರಿಯ ಹೆಂಡತಿ ಬ್ಯಾಟರಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಅಲ್ಲೇ, ಅವರ ಮೆಟ್ಟಿಲ ಕೆಳಗೆ ನಿಂತು, ಎಲ್ಲ ಹೇಳಿದ. ಅವತ್ತು ಮೇಸ್ತ್ರಿ ಇದೇ ಹಾಲಿನ ಲಾರಿಯ ಮುಂದೆ ಅಂಗಾತ ಮಲಗಿ, ಇಂಜಿನ್ ಓಡುತ್ತಿರುವಾಗ ಸೋರಿಕೆ ನೋಡಲು ಗಾಡಿಯ ಅಡಿಗೆ ಜಾರಿಕೊಂಡಿದ್ದರು. “ಚಕ್ರಕ್ಕೆ ದಿಮ್ಮಿ ಇಟ್ಯಾ? ನ್ಯೂಟ್ರಲ್‌ಗೆ ಹಾಕಿದ್ಯೇನೋ?” ಅಂತ ಕೇಳಿದ್ದರು. ಇವನು ಫೋನು ನೋಡುತ್ತಾ ಎರಡಕ್ಕೂ ಹೂಂ ಅಂದಿದ್ದ. ಬೇರೆ ಗಾಡಿ ಗೇರಿನಲ್ಲಿದ್ದರೆ ಜಗ್ಗಿ ಆಫ್ ಆಗುತ್ತದೆ. ಈ ಆಟೋಮ್ಯಾಟಿಕ್ ಹಾಗಲ್ಲ, ಬೆಕ್ಕಿನ ಹಾಗೆ ಸದ್ದಿಲ್ಲದೆ ಮುಂದಕ್ಕೆ ತೆವಳುತ್ತದೆ. ಎರಡು ಗೇಣು ತೆವಳಿತು, ಮೇಸ್ತ್ರಿ ಚಕ್ರದಡಿ ಸಿಕ್ಕಿದರು. ಜನ ಓಡಿಬರುವ ಮೊದಲು ಹೂಂಗಪ್ಪ ಮೇಲೆ ಹತ್ತಿ ಗೇರಿನ ಹಿಡಿಯನ್ನು ನ್ಯೂಟ್ರಲ್‌ಗೆ ತಳ್ಳಿದ. ಹ್ಯಾಂಡ್‌ಬ್ರೇಕ್ ಸಡಿಲ ಇತ್ತು, ಗಾಡಿ ತಾನೇ ಜಾರಿತು, ಮುದುಕ ದಿಮ್ಮಿ ಇಡೋದು ಮರೆತ ಅಂದರು ಎಲ್ಲ. ಅದಕ್ಕೂ ಇವನು ಹೂಂ ಅಂದ.

ಆಕೆ ಅಳಲಿಲ್ಲ. “ಎರಡು ತಿಂಗಳಿಂದ ಅವರನ್ನೇ ಬೈತಿದ್ದೀನಿ ಕಣೋ ನಾನು. ಊರಿಗೆಲ್ಲ ಜೋಪಾನ ಹೇಳಿ ನೀವೇ ಹೇಗ್ರೀ ಮರೆತ್ರಿ ಅಂತ,” ಅಂದರು. ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆ ಅಂದುಕೊಂಡ. ವಾಪಸ್ ಬಂದರು. ಕೈಯಲ್ಲಿ ಮೇಸ್ತ್ರಿಯ ಟೀ ಫ್ಲಾಸ್ಕು.

“ಹಾಗಾದ್ರೆ ಇದೇನು ಹೇಳು. ಅವತ್ತು ಗ್ಯಾರೇಜಿಂದ ತಂದ್ಕೊಟ್ರು. ತೊಳೆದು ಮಗುಚಿಟ್ಟಿದ್ದೆ. ಒಂದು ವಾರದಿಂದ ದಿನಾ ರಾತ್ರಿ ತಾನೇ ನೆಟ್ಟಗೆ ನಿಂತು, ಮುಚ್ಚಳ ಬಿಗಿದು, ತುಂಬಿರುತ್ತೆ. ದಿನಾ ಚೆಲ್ತೀನಿ. ಹುಚ್ಚಿ ಅಂತಾರೆ ಅಂತ ಯಾರಿಗೂ ಹೇಳಿಲ್ಲ.”

ಮುಚ್ಚಳ ತಿರುಗಿಸಿದರು. ಉಸ್ ಅಂತ ಆವಿ ಬಂತು. ಬ್ಯಾಟರಿ ಬೆಳಕಿನಲ್ಲಿ ಇಣುಕಿದ. ಕೆಂಪಗೆ, ತಿಳಿಯಾಗಿ, ಕಂಠದವರೆಗೆ ಗೇರ್‌ಬಾಕ್ಸ್ ಎಣ್ಣೆ. ಬೆರಳಲ್ಲಿ ಉಜ್ಜಿ ಮೂಸಿದ. ಸುಟ್ಟ ವಾಸನೆ ಇಲ್ಲ. ತಾನೇ ಹಾಕಿದ ಎಣ್ಣೆ. ಫ್ಲಾಸ್ಕಿನ ತಳದಲ್ಲಿ ಅಚ್ಚು ಹಾಕಿತ್ತು, ಮುಕ್ಕಾಲು ಲೀಟರ್.

“ನನಗೆ ಹೇಳಿದ್ದು ಸಾಲದು,” ಅಂದರು ಆಕೆ. “ಗಾಡಿ ಹೊರಡೋ ಮೊದ್ಲು, ಅವರನ್ನ ಮುದುಕ ಮರೆತ ಅಂದ್ರಲ್ಲ, ಅಷ್ಟೂ ಜನರ ಮುಂದೆ ಹೇಳು. ಇದನ್ನ ತಗೊಂಡು ಹೋಗು.”

ನಸುಕಿನಲ್ಲಿ ಹೇಳಿದ. ಯಜಮಾನರು, ಡ್ರೈವರುಗಳು, ಭಾವಮೈದ, ಎಲ್ಲರೂ ಇದ್ದರು. ಯಾರೂ ನಗಲಿಲ್ಲ. ಆಮೇಲೆ ಚಕ್ರಗಳಿಗೆ ದಿಮ್ಮಿ ಕೊಟ್ಟ. ಮೇಲೆ ಹತ್ತಿ, ಗೇರಿನ ಹಿಡಿ ನ್ಯೂಟ್ರಲ್‌ನಲ್ಲಿದೆ ಅಂತ ಕಣ್ಣಾರೆ ನೋಡಿ ಇಳಿದ. ಇಂಜಿನ್ ಓಡುತ್ತಿರುವಾಗಲೇ ಲಾಳಿಕೆ ಇಟ್ಟು ಫ್ಲಾಸ್ಕಿನ ಎಣ್ಣೆ ಸುರಿದ. ಕಡ್ಡಿ ಎಳೆದ, ಒರೆಸಿದ, ತೂರಿಸಿದ, ಎಳೆದ. ಮೇಲಿನ ಗೆರೆ. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವತ್ತೇ ಅವನ ಕೆಲಸ ಹೋಯಿತು. ಠಾಣೆಗೂ ಹೋಗಿ ಬರೆದುಕೊಟ್ಟು ಬಂದ, ಅದರ ವಿಚಾರಣೆ ಇನ್ನೂ ನಡೆಯುತ್ತಿದೆ. ಮಧ್ಯಾಹ್ನ ಭಾವಮೈದ ಬಂದು ಹೊಸ್ತಿಲಾಚೆಯೇ ನಿಂತು, “ಗೇರ್ ಹಿಡೀತು,” ಅಂದ. ಭಾವ ಅನ್ನಲಿಲ್ಲ. ಲಾರಿ ಇವತ್ತಿಗೂ ಓಡುತ್ತಿದೆ, ಎಣ್ಣೆ ಮತ್ತೆ ಇಳಿದಿಲ್ಲ.

ಫ್ಲಾಸ್ಕನ್ನು ಸೋಪು ಹಾಕಿ ತೊಳೆದು ಹಿಂದಕ್ಕೆ ಕೊಟ್ಟ. ಅದು ಆ ಮನೆಯ ಅಡುಗೆಮನೆಯಲ್ಲಿ, ಮುಚ್ಚಳ ತೆಗೆದು, ಮಗುಚಿಯೇ ಇದೆ. ಆ ತಾಯಿ ಅದರಲ್ಲಿ ಏನೂ ಹಾಕುವುದಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಮಾತ್ರ ಹೋದ ತಿಂಗಳು ಹೋಗಿದ್ದಾಗ ಕೇಳಿಕೊಂಡು ಅದನ್ನು ಎತ್ತಿ, ಎರಡು ಬೆರಳು ಒಳಗೆ ತೂರಿಸಿ ನೋಡಿದೆ.

ಒಣಗಿತ್ತು. ಬಿಸಿ ಇತ್ತು.