ಕೈಗವಸು ನೋಡಿ ತೀರ್ಪು ಕೊಟ್ಟವನ ಸನ್ಮಾನ

ಮಾನ್ಯ ಅಧ್ಯಕ್ಷೆ ಶ್ರೀಮತಿ ಡೆಲ್ಫೀನ್ ಮೆಕ್‌ಆಲಿಸ್ಟರ್ ಅವರೇ, ಮುಖ್ಯ ಅತಿಥಿಗಳಾದ ನಮ್ಮೂರ ಹೊಸ ಡಾಕ್ಟರ್ ಎಜಿಕೆ ಅವರೇ, ಹಾರ್ಟ್‌ವೆಲ್ ಐಸ್ ಹಾಕಿ ಸಂಘದ ಪದಾಧಿಕಾರಿಗಳೇ, ಬೆಳಗಿನಿಂದ ಪೆರೋಗಿ ಕಡುಬು ಮಡಚಿ ಮಡಚಿ ಬೆರಳು ಸೋತಿರುವ ತಾಯಂದಿರೇ, ಈ ಮುದುಕ ಎಷ್ಟು ಹೊತ್ತು ಕೊರೆಯುತ್ತಾನೋ ಎಂದು ಗಡಿಯಾರ ನೋಡುತ್ತಿರುವ ಹಿಂದಿನ ಸಾಲಿನ ಸಭಿಕರೇ,

ಮೊದಲಿಗೆ ಒಂದು ಅನುಮಾನ. ಜೀವಮಾನವಿಡೀ ಸಭಿಕರಿಂದ ಬೈಸಿಕೊಂಡವನನ್ನು ಅದೇ ಸಭಿಕರು ಕರೆದು, ಹೆಗಲಿಗೆ ಶಾಲು ಹೊದಿಸಿ, ಹೊಟ್ಟೆಗೆ ಟರ್ಕಿ ಕೋಳಿ ಬಡಿಸುತ್ತಾರೆ ಎಂದರೆ ಇದರಲ್ಲಿ ಏನೋ ಮಸಲತ್ತು ಇರಬೇಕಲ್ಲವೇ? ನನಗೆ ಈಗ ಎಪ್ಪತ್ತೆಂಟು. ಅದರಲ್ಲಿ ಇಪ್ಪತ್ತಾರು ವರ್ಷ ಪಟ್ಟೆ ಅಂಗಿ ತೊಟ್ಟು ಐಸ್ ಹಾಕಿಯ ರೆಫರಿಯಾಗಿದ್ದೆ. ಆ ಇಪ್ಪತ್ತಾರು ವರ್ಷದಲ್ಲಿ ಜನ ನನ್ನ ಕಣ್ಣನ್ನು ಹೊಗಳಿದ್ದು ಒಂದೇ ಒಂದು ಸಲ. ಆ ಒಂದು ಸಲದ ಬಗ್ಗೆಯೇ ಇವತ್ತು ಮಾತಾಡಬೇಕಾಗಿದೆ. ಬೇರೆ ವಿಷಯ ಬರೆದುಕೊಂಡು ಬಂದಿದ್ದೆ, ಚೀಟಿ ಕೋಟಿನಲ್ಲೇ ಇದೆ. ಅದು ಅಲ್ಲೇ ಇರಲಿ.

ಊಟದ ಹೊತ್ತಿನಲ್ಲಿ ಡಾಕ್ಟರ್ ಸಾಹೇಬರು ನನ್ನನ್ನು ಒಂದು ಪ್ರಶ್ನೆ ಕೇಳಿದರು. "ಅಲ್ಲಾ ವಿಲ್ಫ್ ಅವ್ರೇ, ಆಟದ ಮಧ್ಯೆ ಇಬ್ರು ಮುಖಮೂತಿ ನೋಡ್ದೆ ಗುದ್ದಾಡ್ತಾರೆ, ನೀವು ಸುಮ್ನೆ ನಿಂತ್ಕೊಂಡು ನೋಡ್ತೀರಲ್ಲ, ಪೊಲೀಸ್ರನ್ನ ಯಾಕೆ ಕರೆಯಲ್ಲ?" ಅವರು ಈ ಊರಿಗೆ ಬಂದು ಇನ್ನೂ ಒಂದು ಚಳಿಗಾಲ ಕಳೆದಿಲ್ಲ, ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಸ್ವಾಮಿ, ನಾವು ಸುಮ್ಮನೆ ನಿಲ್ಲುವುದಿಲ್ಲ. ಇಬ್ಬರು ಕೈಗವಸು ಕಳಚಿ ಬಿಸಾಡಿದರೆಂದರೆ ಜಗಳ ಶುರು. ಆಗ ರೆಫರಿಯ ಸಹಾಯಕರಾದ ಇಬ್ಬರು ಲೈನ್ಸ್‌ಮನ್‌ಗಳು ಪಕ್ಕದಲ್ಲೇ ಸುಳಿದಾಡುತ್ತಾ, ಅವರು ಸುಸ್ತಾಗುವವರೆಗೆ ಕಾದು, ಆಮೇಲೆ ನಡುವೆ ನುಗ್ಗಿ ಬಿಡಿಸುತ್ತಾರೆ. ಮೊದಲೇ ನುಗ್ಗಿದರೆ ಅವರಿಗೇ ಬೀಳುತ್ತದೆ. ರೆಫರಿಯಾದವನು ದೂರ ನಿಂತು ಯಾರು ಏನು ಮಾಡಿದರೆಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಬೇಕು. ಗುದ್ದಾಡಿದ ಇಬ್ಬರಿಗೂ ಐದೈದು ನಿಮಿಷ ಪೆನಾಲ್ಟಿ ಪೆಟ್ಟಿಗೆಯಲ್ಲಿ ಕೂರುವ ಶಿಕ್ಷೆ. ಶುರು ಮಾಡಿದವನಿಗೆ ಮೇಲೊಂದು ಎರಡು, ಮತ್ತೂ ಒಂದು ಹತ್ತು. ಇಬ್ಬರ ಜಗಳಕ್ಕೆ ಮೂರನೆಯವನು ಬಂದು ಕೈಹಾಕಿದನೋ, ಅವನು ಪಂದ್ಯದಿಂದಲೇ ಹೊರಗೆ, ಸೀದಾ ಸ್ನಾನಕ್ಕೆ ಹೋಗಬೇಕು. ಇಷ್ಟೇ ನೋಡಿ. ನಮ್ಮ ಊರಿನ ಎಷ್ಟೋ ಸಂಸಾರಗಳು ಇದೇ ನಿಯಮದ ಮೇಲೆ ನಡೆಯುತ್ತಿವೆ.

ಇದರಲ್ಲಿ ಕಷ್ಟವಾದದ್ದು ಒಂದೇ. ಶುರು ಮಾಡಿದ್ದು ಯಾರು? ಅದನ್ನು ಕಣ್ಣಾರೆ ಕಾಣಬೇಕು. ಕಾಣದಿದ್ದರೆ ಏನು ಮಾಡಬೇಕು? ಇಬ್ಬರಿಗೂ ಸಮನಾಗಿ ಐದೈದು ಕೊಟ್ಟು ಬಾಯಿ ಮುಚ್ಚಿಕೊಂಡಿರಬೇಕು. ಮರ್ಯಾದಸ್ಥ ರೆಫರಿಗಳು ಹಾಗೇ ಮಾಡುತ್ತಾರೆ. ನಾನು ಹಾಗೆ ಮಾಡುತ್ತಿರಲಿಲ್ಲ. ನನ್ನದೊಂದು ಸ್ವಂತ ಶಾಸ್ತ್ರವಿತ್ತು. ಮಂಜುಗಡ್ಡೆಯ ಮೇಲೆ ಬಿದ್ದ ಕೈಗವಸುಗಳನ್ನು ನೋಡುತ್ತಿದ್ದೆ. ಯಾರದು ಅಡಿಯಲ್ಲಿದೆಯೋ ಅವನೇ ಮೊದಲು ಕಳಚಿದವನು, ಅವನೇ ಶುರು ಮಾಡಿದವನು! ಈ ಮಹಾ ಶೋಧನೆಗಾಗಿ ಪ್ರೈರಿ ಲೀಗಿನಲ್ಲಿ ನನ್ನನ್ನು 'ಕೈಗವಸು ವಿಲ್ಫ್' ಎನ್ನುತ್ತಿದ್ದರು. ಮೆಚ್ಚಿ ಕರೆಯುತ್ತಾರೆಂದು ಬಹಳ ವರ್ಷ ತಿಳಿದುಕೊಂಡಿದ್ದೆ.

ಈಗ ತೊಂಬತ್ತಮೂರನೇ ಇಸವಿಗೆ ಬರೋಣ. ಯಾಕೆ ಎಲ್ಲರೂ ಒಮ್ಮೆಗೇ ತಲೆ ಬಗ್ಗಿಸಿದಿರಿ? ಈ ಊರಿನಲ್ಲಿ ಆ ಇಸವಿಯ ಹೆಸರೆತ್ತಿದರೆ ಮನೆಯಲ್ಲಿ ಸಾವಾದಂತೆ ಆಡುತ್ತೀರಿ. ನಮ್ಮ ಹಾರ್ಟ್‌ವೆಲ್ ತಂಡಕ್ಕೂ ಫೋರ್ಟ್ ಕೆಲ್ಸೊ ತಂಡಕ್ಕೂ ಅಂತಿಮ ಸರಣಿ. ಆರನೇ ಪಂದ್ಯ, ಇಲ್ಲೇ, ನಮ್ಮ ಹಳೆಯ ರಿಂಕಿನ ಮಂಜುಗಡ್ಡೆ ಅಂಗಳದಲ್ಲಿ. ಗೊತ್ತುಮಾಡಿದ್ದ ರೆಫರಿ ಜ್ವರ ಬಂದು ಮಲಗಿದ್ದರಿಂದ ನನ್ನನ್ನು ಕಳಿಸಿದರು. ನಾನಾಗಲೇ ಈ ಊರಿನ ಅಳಿಯ. ನನ್ನ ಬರ್ನಿಸ್ ಇದೇ ಸಭಾಂಗಣದ ಪಕ್ಕದ ಶಾಲೆಯಲ್ಲಿ ಓದಿದವಳು. ಫೋರ್ಟ್ ಕೆಲ್ಸೊದವರು ಆಟ ಶುರುವಾಗುವ ಮೊದಲೇ ಕೂಗತೊಡಗಿದರು, "ಏನಯ್ಯಾ ಅಳಿಯಾ, ಅತ್ತೆ ಏನ್ ಅಡುಗೆ ಮಾಡಿ ಕಳ್ಸಿದಾಳೆ?" ಎಂದು. ನಾನು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡೆ, ಇವತ್ತು ಹಾರ್ಟ್‌ವೆಲ್ ಕಡೆ ಒಂದು ಎಳೆಯಷ್ಟೂ ವಾಲಬಾರದು ಎಂದು. ಆ ಕಡೆ ವಾಲಬಾರದೆಂದು ಈ ಕಡೆ ವಾಲಿಕೊಂಡೇ ನಿಂತವನನ್ನು ನೇರ ನಿಂತವನು ಎನ್ನಬಹುದೇ? ಆಗ ನನಗೆ ಅದು ಹೊಳೆಯಲಿಲ್ಲ.

ಆಟ ಮುಗಿಯಲು ಮೂರು ನಿಮಿಷ. ನಾವು ಗೆಲ್ಲುತ್ತಿದ್ದೆವು. ಗೋಲಿನ ಹತ್ತಿರ ನಮ್ಮ ಓರೆಸ್ಟ್ ವಾಸಿಲೆಂಕೊ ಮತ್ತು ಅವರ ಡೇಲ್ ಕ್ರಾಫರ್ಡ್ ಎದೆಗೆ ಎದೆ ಕೊಟ್ಟು ನಿಂತಿದ್ದಾರೆ. ನಾನು ಜೋರಾಗಿ ಸೀಟಿ ಊದಿದೆ. ಎಷ್ಟು ಜೋರಾಗಿ ಎಂದರೆ ನನ್ನ ಮೇಲಿನ ಹಲ್ಲು ಸೆಟ್ಟು ಸಡಿಲವಾಗಿ ನಾಲಿಗೆಯ ಮೇಲೆ ಬಂದು ಕೂತಿತು.

ನಗಬೇಡಿ. ನಗಿ, ಪರವಾಗಿಲ್ಲ. ಆಟದ ರಬ್ಬರ್ ಬಿಲ್ಲೆ ಬಾಯಿಗೆ ಬಡಿದು ಮೂವತ್ತನೇ ವಯಸ್ಸಿಗೇ ನನ್ನ ಮೇಲಿನ ಹಲ್ಲುಗಳು ಹೋಗಿದ್ದವು. ಅದು ಬರ್ನಿಸ್‌ಗೂ ನನ್ನ ದಂತವೈದ್ಯನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಎರಡು ಸಾವಿರ ಜನರ ಮುಂದೆ ರೆಫರಿಯ ಹಲ್ಲು ಬಿದ್ದರೆ ಅವನ ಮರ್ಯಾದೆ ಏನಾಗಬೇಕು? ಸರಕ್ಕನೆ ಬೆನ್ನು ತಿರುಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು, ಹೆಬ್ಬೆರಳಿನಿಂದ ಒತ್ತಿದೆ. ಕೂರಲಿಲ್ಲ. ಇನ್ನೊಮ್ಮೆ ಒತ್ತಿದೆ, ಕೂತಿತು. ತಿರುಗಿ ನೋಡುವಷ್ಟರಲ್ಲಿ ಇಬ್ಬರೂ ಪರಸ್ಪರ ಅಂಗಿ ಹಿಡಿದು ದಬದಬ ಗುದ್ದಾಡುತ್ತಿದ್ದಾರೆ! ಶುರು ಮಾಡಿದ್ದು ಯಾರು? ದೇವರಿಗೆ ಗೊತ್ತು. ನಾನು ಕೈಗವಸು ನೋಡಿದೆ. ಅಡಿಯಲ್ಲಿ ಓರೆಸ್ಟ್‌ನದು, ಮೇಲೆ ಡೇಲ್‌ನದು. ಲೈನ್ಸ್‌ಮನ್ ಗಸ್ಟನ್ ಪೆರೋ ಪಕ್ಕದಲ್ಲೇ ಇದ್ದ. ಅವನನ್ನು ಕೇಳಬಹುದಿತ್ತು. ಕೇಳಿದರೆ ನಾನು ನೋಡಲಿಲ್ಲ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತಲ್ಲ! ಓರೆಸ್ಟ್‌ಗೆ ಬರೆದೆ. ಎರಡು, ಐದು, ಹತ್ತು. ಕೊನೆಯ ಐದು ನಿಮಿಷದಲ್ಲಿ ಜಗಳ ಶುರು ಮಾಡಿದವನು ಮುಂದಿನ ಪಂದ್ಯ ಆಡುವಂತಿಲ್ಲ ಎಂಬುದು ನಮ್ಮ ಲೀಗಿನ ನಿಯಮ. ಮುಂದಿನ ಪಂದ್ಯವೆಂದರೆ ಏಳನೆಯದು, ಕಪ್ ಯಾರದೆಂದು ತೀರ್ಮಾನವಾಗುವ ಪಂದ್ಯ.

ಓರೆಸ್ಟ್ ಗಲಾಟೆ ಮಾಡಲಿಲ್ಲ. ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು. ಮೆಲ್ಲಗೆ ಜಾರುತ್ತಾ ನನ್ನ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದ.

"ವಿಲ್ಫ್, ನೀನು ನೋಡ್ಲಿಲ್ಲ, ಅಲ್ವಾ?"

ನಾನು ಹೇಳಿದೆ, "ನೋಡ್ದೆ."

"ಸರಿ ಹಾಗಾದ್ರೆ," ಅಂದ. ಹೋಗಿ ಪೆಟ್ಟಿಗೆಯಲ್ಲಿ ಕೂತ.

ಪಂದ್ಯ ಮುಗಿದು ಬಟ್ಟೆ ಬದಲಿಸುವ ಕೋಣೆಯಲ್ಲಿ ಸ್ಕೇಟ್ ಬಿಚ್ಚುತ್ತಿದ್ದಾಗ ಗಸ್ಟನ್ ಬಾಯಿಬಿಟ್ಟ. "ಅಲ್ಲ ಮಾರಾಯ, ಓರೆಸ್ಟ್‌ಗೆ ಯಾಕೆ ಕೊಟ್ಟೆ? ಡೇಲ್ ಮೊದ್ಲು ಬಿಚ್ಚಿ ಹೊಡ್ದಿದ್ದು. ಅವನ ಕೈಗವಸು ನನ್ನ ಕಾಲಿಗೆ ಅಡ್ಡ ಬರ್ತಿತ್ತು, ಆಚೆ ಒದ್ದುಬಿಟ್ಟೆ. ಹೋಗಿ ಓರೆಸ್ಟ್‌ನದ್ರ ಮೇಲೆ ಬಿತ್ತು."

"ಅಲ್ಲೇ ಹೇಳೋದಲ್ವೇನೋ!" ಎಂದು ನಾನು ಕಿರುಚಿದೆ.

"ನೀನು ಕೇಳಿದ್ಯಾ? ನೀನು ಮಹಾ ಪಂಡಿತ, ಕೈಗವಸು ಓದ್ತಿದ್ದೆ," ಎಂದ.

ಸಭಿಕರೇ, ಲೀಗಿಗೆ ಕಳಿಸುವ ವರದಿ ನನ್ನ ತೊಡೆಯ ಮೇಲೇ ಇತ್ತು. ಪೆನ್ನು ಕೈಯಲ್ಲೇ ಇತ್ತು. ಇನ್ನೂ ಸಹಿ ಮಾಡಿರಲಿಲ್ಲ. 'ನಾನು ನೋಡಲಿಲ್ಲ' ಎಂದು ಬರೆಯಲು ಎಷ್ಟು ಹೊತ್ತು ಬೇಕು? ಹಲ್ಲು ಕೂರಿಸುವುದಕ್ಕಿಂತ ಕಡಿಮೆ. ನಾನು ಬರೆಯಲಿಲ್ಲ. ಹೆದರಿಕೊಂಡೆ. ಅಳಿಯ ರಾತ್ರೋರಾತ್ರಿ ಮನಸ್ಸು ಬದಲಾಯಿಸಿದ ಎನ್ನುತ್ತಾರೆ ಎಂದು ಹೆದರಿಕೊಂಡೆ. ಸಹಿ ಹಾಕಿದೆ.

ಏಳನೇ ಪಂದ್ಯವನ್ನು ಓರೆಸ್ಟ್ ಕೋಟು ಟೈ ಹಾಕಿಕೊಂಡು ಪ್ರೇಕ್ಷಕರ ನಡುವೆ ಕೂತು ನೋಡಿದ. ನಾವು ಒಂದು ಗೋಲಿನಿಂದ ಸೋತೆವು. ಆಮೇಲಿನದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. "ಓರೆಸ್ಟ್‌ಗೆ ಮೂರು ನಿಮಿಷ ಕೈ ಕಟ್ಕೊಂಡಿರೋಕೆ ಆಗಿದ್ರೆ ಕಪ್ ನಮ್ದು." ಈ ಮಾತನ್ನು ನಾನು ಕ್ಷೌರದಂಗಡಿಯಲ್ಲಿ ಕೇಳಿದ್ದೇನೆ, ಚರ್ಚಿನ ಮೆಟ್ಟಿಲ ಮೇಲೆ ಕೇಳಿದ್ದೇನೆ, ಅಧ್ಯಕ್ಷೆಯವರೇ, ಕ್ಷಮಿಸಿ, ನಿಮ್ಮ ಬಾಯಲ್ಲೂ ಕೇಳಿದ್ದೇನೆ. ಅವನ ಮದುವೆಯಲ್ಲಿ ಅದನ್ನೇ ಹೇಳಿ ನಕ್ಕರು. ಮೂವತ್ತೊಂದು ವರ್ಷ ಅವನು ಆ ಮಾತಿನ ಕೆಳಗೇ ಬದುಕಿದ. ನಾನು? ನಾನು ದೊಡ್ಡ ಮನುಷ್ಯನಾದೆ! 'ಅಳಿಯನಾದರೂ ಊರಿನವನನ್ನೇ ಹೊರಗೆ ಕಳಿಸಿದ ನಿಷ್ಪಕ್ಷಪಾತಿ.' ಈಗಷ್ಟೇ ಓದಿದ ಸನ್ಮಾನಪತ್ರದಲ್ಲಿ ಮೂರನೇ ಸಾಲು ಅದೇ. ಓದುವಾಗ ನನ್ನ ಕಿವಿ ಕೆಂಪಾದದ್ದನ್ನು ನೀವು ವಿನಯ ಎಂದುಕೊಂಡಿರಿ.

ಬರ್ನಿಸ್‌ಗೆ ಮಾತ್ರ ಹೇಳಿದ್ದೆ. ಅವಳು ಒಂಬತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಹತ್ತನೇ ದಿನ ಸಾರು ಬಡಿಸುತ್ತಾ, "ಅವನಿಗೆ ಹೇಳಿದ್ಯಾ?" ಎಂದಳು. "ನಾಳೆ" ಎಂದೆ. ನಿವೃತ್ತನಾಗಿ ಈ ಊರಿಗೇ ಬಂದು ನೆಲೆಸಿದ ಮೇಲೂ ಕೇಳಿದಳು. "ನಾಳೆ" ಎಂದೆ. ಎರಡು ಚಳಿಗಾಲದ ಹಿಂದೆ, ಆಸ್ಪತ್ರೆಯಲ್ಲಿ, ಮಾತೇ ಕಷ್ಟವಾಗಿದ್ದಾಗಲೂ ನನ್ನ ಕೈ ಹಿಡಿದು, "ವಿಲ್ಫ್, ನಿನ್ನ ನಾಳೆ ಇನ್ನೂ ಬರ್ಲಿಲ್ವೇನೋ?" ಎಂದಳು.

ಓರೆಸ್ಟ್ ನಮ್ಮ ರಿಂಕಿನಲ್ಲಿ ಮಂಜುಗಡ್ಡೆ ನಯ ಮಾಡುವ ಯಂತ್ರ ಓಡಿಸುತ್ತಾನೆ. ನಾನು ದಿನಾ ಬೆಳಿಗ್ಗೆ ಹೋಗುತ್ತೇನೆ. ಅವನ ಫ್ಲಾಸ್ಕಿನಿಂದ ನನಗೊಂದು ಲೋಟ ಕಾಫಿ ಬಗ್ಗಿಸಿ ಕೊಡುತ್ತಾನೆ. ನಾನು ಇಲ್ಲಿ ನೆಲೆಸಿದ ಈ ಇಪ್ಪತ್ತೆರಡು ವರ್ಷದಲ್ಲಿ ಆ ಪ್ರಶ್ನೆಯನ್ನು ಅವನು ಎರಡನೇ ಸಲ ಕೇಳಲಿಲ್ಲ. ಕೇಳಿದ್ದರೆ ಬೈದು ಜಗಳವಾಡಿ ಮುಗಿಸಬಹುದಿತ್ತು. ಕಾಫಿ ಕೊಡುತ್ತಾನೆ, ಪಾಪಿ. ಅದನ್ನು ಕುಡಿಯುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಿಲ್ಲ.

ಇವತ್ತು ಸಂಘದವರು ಹಳೆಯ ರಿಂಕಿನ ಪೆನಾಲ್ಟಿ ಪೆಟ್ಟಿಗೆಯ ಬೆಂಚನ್ನು ಹೊಳಪು ಮಾಡಿ, ಹಿತ್ತಾಳೆ ತಗಡಿನಲ್ಲಿ ನನ್ನ ಹೆಸರು ಕೆತ್ತಿಸಿ, ಉಡುಗೊರೆಯಾಗಿ ಇಲ್ಲಿಟ್ಟಿದ್ದಾರೆ. ಅವತ್ತು ಅವನು ಕೂತದ್ದು ಇದೇ ಬೆಂಚಿನ ಮೇಲೆ. ಎಂಥಾ ಉಡುಗೊರೆ ಹುಡುಕಿದಿರಿ, ಪುಣ್ಯಾತ್ಮರೇ! ತಗಡು ಕೀಳಲು ನಾಲ್ಕೇ ತಿರುಪು. ಕಿತ್ತುಬಿಡಿ.

ಓರೆಸ್ಟ್, ಅಲ್ಲಿ ಬಾಗಿಲ ಬಳಿಯ ಮೇಜಿನಲ್ಲಿ ಕೂತಿದ್ದೀಯ, ಕಾಣಿಸುತ್ತಿದೆ. ಕನ್ನಡಕ ಹಾಕಿಕೊಂಡಿದ್ದೇನೆ, ಈ ಸಲ ನಿಜವಾಗಿ ಕಾಣಿಸುತ್ತಿದೆ. ನಾನು ನೋಡಲಿಲ್ಲ ಕಣಯ್ಯಾ. ಅವತ್ತು ನಾನು ಹಲ್ಲು ಕೂರಿಸಿಕೊಳ್ಳುತ್ತಿದ್ದೆ. ನೀನು ಶುರು ಮಾಡಿರಲಿಲ್ಲ. ಅರ್ಧ ಗಂಟೆಯೊಳಗೆ ಅದು ನನಗೆ ಗೊತ್ತಾಗಿತ್ತು. ಮೂವತ್ತೊಂದು ವರ್ಷ ಮುಚ್ಚಿಟ್ಟೆ. ತಪ್ಪಾಯಿತು.

ಸಭಿಕರೇ, ಓರೆಸ್ಟ್ ಎದ್ದಿದ್ದಾನೆ. ಬಾಗಿಲ ಕಡೆಗಲ್ಲ, ಈ ಕಡೆಗೇ ಬರುತ್ತಿದ್ದಾನೆ. ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದ. ಈಗ ಅಂಗಿಯ ತೋಳು ಮಡಚುತ್ತಿದ್ದಾನೆ. ಡಾಕ್ಟರ್ ಸಾಹೇಬರೇ, ದಯವಿಟ್ಟು ಕೂತುಕೊಳ್ಳಿ, ನಿಮ್ಮ ಕೆಲಸ ಆಮೇಲೆ. ಪದಾಧಿಕಾರಿಗಳೇ, ನೀವೂ ಅಷ್ಟೇ, ಯಾರೂ ಅಡ್ಡ ಬರಬೇಡಿ. ಮೂರನೆಯವರು ಕೈಹಾಕಿದರೆ ಏನಾಗುತ್ತದೆಂದು ಹೇಳಿದ್ದೇನೆ, ಬೆರ್ರಿ ಹಣ್ಣಿನ ಕಡುಬು ಬಡಿಸುವ ಮೊದಲೇ ಆಚೆ ಹೋಗಬೇಕಾಗುತ್ತದೆ. ಒಂದು ನಿಮಿಷ ಇರಿ, ಈ ಹಲ್ಲು ಸೆಟ್ಟನ್ನು ತೆಗೆದು ಜೇಬಿಗೆ ಹಾಕಿಕೊಳ್ಳುವ ಮೊದಲು ಹೇಳಬೇಕಾದದ್ದನ್ನು ಹೇಳಿ ಮುಗಿಸುತ್ತೇನೆ.

ಅವನು ನನಗೆ ಗುದ್ದಿದರೂ ಸರಿ, ಕೈ ಕುಲುಕಿದರೂ ಸರಿ. ನಾಳೆ ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಇದನ್ನು ಶುರು ಮಾಡಿದ್ದು ಯಾರು ಎಂದು ಯಾರಾದರೂ ಕೇಳಿದರೆ ವಿಲ್ಫ್ ಹ್ಯಾಗ್ಲಂಡ್ ಎಂದು ಹೇಳಿ. ಎರಡು, ಐದು, ಹತ್ತು, ಮೂರೂ ನನ್ನ ಹೆಸರಿಗೇ ಬರೆದುಕೊಳ್ಳಿ. ಈ ಸಲ ನೀವೆಲ್ಲರೂ ನೋಡಿದ್ದೀರಿ.

ಊಟ ಹಾಕಿದ ತಾಯಂದಿರಿಗೂ, ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ ನಾನು ಋಣಿ. ಬಾರಯ್ಯಾ ಓರೆಸ್ಟ್, ಬೆಂಚಿನ ಹತ್ತಿರವೇ ನಿಂತಿದ್ದೇನೆ. ಎಲ್ಲರಿಗೂ ನಮಸ್ಕಾರ.