ಮೂರು ದೇಶ ಬಿಡಿಸಿದ ಮೆಣಸಿನಕಾಯಿ ತೊಟ್ಟು

ಹತ್ತಿರ ಬನ್ನಿ. ಇನ್ನೂ ಹತ್ತಿರ. ಜವರಮ್ಮಾ, ಆ ಕದ ಒಂಚೂರು ಮುಂದಕ್ಕೆಳಿ. ಅವರೆಕಾಯಿ ಬಿಡಿಸೋದು ನಿಲ್ಲಿಸಬೇಡಿ, ಕೈ ಆಡ್ತಾ ಇರಲಿ, ಬಾಯಿ ಮುಚ್ಚಿರಲಿ. ಈಗ ಹೇಳೋದನ್ನ ಯಾರಿಗೂ ಹೇಳಬಾರದು. ಗಂಡಂದಿರಿಗಂತೂ ಹೇಳಲೇಬಾರದು. ಆಣೆ ಮಾಡಿ. ಮಾಡಿದಿರಾ? ಸರಿ, ಕೇಳಿ.

ಯಾವ ಕಾಲವೋ, ಯಾವ ಸೀಮೆಯೋ, ನನ್ನ ಅಜ್ಜಿಯ ಅಜ್ಜಿಗೂ ಗೊತ್ತಿರಲಿಲ್ಲ. ಒಂದು ದೊಡ್ಡ ಹೊಳೆ. ಹೊಳೆಯಾಚೆ ಒಬ್ಬಳು ಮಹಾರಾಣಿ. ಈಚೆಗೆ ಮೂರು ದೇಶ: ಗುಡ್ಡದ ದೇಶ, ಬಯಲ ದೇಶ, ಮರಳ ದೇಶ. ಮೂರೂ ಅವಳವೇ. ಹೇಗೆ ಅವಳವಾದವು? ಅವಳ ತಾತ ದೋಣಿಯಲ್ಲಿ ಬಂದ. ಕುಡಿಯೋಕೆ ನೀರು ಕೇಳಿದ. ಕೂರೋಕೆ ಚಾಪೆ ಕೇಳಿದ. ಆಮೇಲೆ ಮನೆಯೇ ತನ್ನದು ಅಂದ. ಅಷ್ಟೇ!

ಆ ರಾಣಿ ಹತ್ತಿರ ಕತ್ತಿಗಿಂತ ದೊಡ್ಡ ಆಯುಧ ಒಂದಿತ್ತು. ಏನು ಹೇಳಿ? ಹೆಪ್ಪು! ಹಾಲಿಗೆ ಹಾಕ್ತೀವಲ್ಲ, ಆ ಒಂದು ಚಮಚ ಮೊಸರು. ಮೂರು ದೇಶದಲ್ಲಿ ಯಾರೂ ಹೆಪ್ಪು ಉಳಿಸಿಕೊಳ್ಳೋ ಹಾಗಿಲ್ಲ ಅಂತ ಅವಳ ಕಟ್ಟಳೆ. ಇವತ್ತಿನ ಮೊಸರು ಇವತ್ತೇ ಮುಗಿಸಬೇಕು. ಗಡಿಗೆ ತೊಳೆದು ಬಾಗಿಲಲ್ಲಿ ಬೋರಲು ಹಾಕಬೇಕು. ಹೊತ್ತು ಇಳಿಯೋವಾಗ ಹೊಳೆದಂಡೆಗೆ ಹೋಗಿ ಸಾಲು ನಿಲ್ಲಬೇಕು. ರಾಣಿಯ ಪಾರುಪತ್ಯಗಾರ ದೋಣಿಯಲ್ಲಿ ಅರಮನೆಯ ಹೆಪ್ಪು ತರ್ತಾನೆ. ‘ರಾಣಿಯಮ್ಮ ಕೊಟ್ಟರೆ ಮೊಸರು’ ಅಂತ ಮೂರು ಸಲ ಹೇಳಿ, ಮೂರು ಸಲ ಬಗ್ಗಿದರೆ ಒಂದು ಚಮಚ ಹಾಕ್ತಾನೆ. ಯಾರ ಮನೆಯಲ್ಲಾದರೂ ಕದ್ದಿಟ್ಟ ಹೆಪ್ಪು ಸಿಕ್ಕಿತೋ, ಕೊಟ್ಟಿಗೆಯ ಎಮ್ಮೆ ಬಿಚ್ಚಿಕೊಂಡು ಹೋಗಿ ಸಂತೆಯಲ್ಲಿ ಮಾರ್ತಾನೆ!

ಹೆಪ್ಪು ಅಂದರೆ ಸುಮ್ಮನೆಯಾ? ನಮ್ಮನೆಯಲ್ಲೂ ಹೆಪ್ಪಿನ ಕುಡಿಕೆ ನನ್ನ ಪೆಟ್ಟಿಗೆಯಲ್ಲೇ ಇರೋದು, ಬೀಗ ಹಾಕಿ. ಸೊಸೆ ಕೇಳಿದರೆ ಒಂದು ಚಮಚ ಹಾಕಿಕೊಡ್ತೀನಿ. ಅದೂ ಅವಳ ಕೈಗೆ ಹೋದರೆ ಆಮೇಲೆ ನನ್ನ ಮಾತು ಯಾರು ಕೇಳ್ತಾರೆ? ಅದಿರಲಿ ಬಿಡಿ.

ಗುಟ್ಟಿನ ವಿಷಯ ಈಗ ಹೇಳ್ತೀನಿ. ಆ ಮಹಾರಾಣಿ ಕೊಟ್ಟಿಗೆಯಲ್ಲಿ ಒಂದೇ ಒಂದು ಎಮ್ಮೆ ಇರಲಿಲ್ಲ ಕಣ್ರೇ! ಅಯ್ಯೋ, ಸತ್ಯವಾಗಿ! ಹಾಲೆಲ್ಲ ಈಚೆ ದಡದಿಂದ ಹೋಗೋದು. ಇವರ ಹಾಲೇ ಅಲ್ಲಿ ಮೊಸರಾಗಿ, ಚಮಚ ಚಮಚವಾಗಿ ಇವರಿಗೇ ವಾಪಸು ಬರೋದು. ಅದಕ್ಕೆ ಇವರು ಬಗ್ಗೋದು! ಅವಳಿಗೋ, ಕುತ್ತಿಗೆ ತುಂಬ ಮುತ್ತಿನ ಸರ.

ಗುಡ್ಡದ ದೇಶದಲ್ಲಿ ದೇವೀರಿ ಅಂತ ಒಬ್ಬಳು ಇದ್ದಳು. ಗಂಡ ಇಲ್ಲ, ಎರಡು ಹೆಣ್ಣುಮಕ್ಕಳು. ಇದ್ದದ್ದು ಒಂದೇ ಎಮ್ಮೆ, ಕಾಳಿ. ಕಾಳಿ ಹಾಲು ಕೊಟ್ಟರೆ ಮೂರು ಹೊಟ್ಟೆ ತುಂಬಬೇಕು. ಒಂದು ದಿನ ಸಾಲಿನಲ್ಲಿ ನಿಂತವಳು ತಡೆಯಲಾರದೆ ಕೇಳೇಬಿಟ್ಟಳು:

“ಅಯ್ಯಾ, ರಾಣಿಯಮ್ಮನ ಎಮ್ಮೆ ಹೊತ್ತಿಗೆ ಎಷ್ಟು ಸೇರು ಕರೀತದೆ?”

ಪಾರುಪತ್ಯಗಾರನ ಮುಖ ಕೆಂಡ.

“ನಾಲಿಗೆ ಉದ್ದ ಆಯಿತೇನೇ? ಇವತ್ತಿಂದ ನಿನಗೆ ಹೆಪ್ಪಿಲ್ಲ, ಹೋಗು!”

ಮೊದಲನೇ ದಿನ ಹಾಲು ಕೆಟ್ಟಿತು. ಎರಡನೇ ದಿನ ಕೆಟ್ಟಿತು. ಮೂರನೇ ದಿನ ದೇವೀರಿ ಹಾಲು ಕಾಸಿಟ್ಟು, ಪಕ್ಕದಲ್ಲೇ ಕೂತು ಒಣಮೆಣಸಿನಕಾಯಿ ತೊಟ್ಟು ಮುರೀತಾ, ಪಾರುಪತ್ಯಗಾರನ ಏಳು ತಲೆಮಾರನ್ನೂ ಬೈದಳು. ಬೈದು ಬೈದು, ಎದ್ದು ಸೆರಗು ಕೊಡವಿದಳು. ಮಡಿಲಲ್ಲಿದ್ದ ತೊಟ್ಟೆಲ್ಲ ಉಗುರುಬೆಚ್ಚಗಿನ ಹಾಲಿಗೆ ಬಿದ್ದವು! ಹೋಗಲಿ, ಹೇಗೂ ಕೆಡೋ ಹಾಲು ಅಂತ ಮುಚ್ಚಿಟ್ಟಳು.

ಬೆಳಿಗ್ಗೆ ಮುಚ್ಚಳ ತೆಗೆದರೆ ಏನು ಕಂಡಿತು? ಮೊಸರು! ಚಮಚ ನೆಟ್ಟರೆ ನಿಲ್ಲೋ ಹಾಗೆ ಗಟ್ಟಿ ಮೊಸರು!

ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಮನೆ ಮಾದಕ್ಕ ಒಳಗೆ ಬಂದಳು. ನೋಡಿದವಳೇ ಕಣ್ಣು ಗುಡ್ಡೆ ಬಿಟ್ಟಳು. ದೇವೀರಿ ಅವಳ ಕೈ ಹಿಡಿದುಕೊಂಡಳು.

“ಅಕ್ಕಾ, ನಿನ್ನ ದಮ್ಮಯ್ಯ. ತೊಟ್ಟು ಹಾಕಿದೆ ಅಂತ ಯಾರಿಗೂ ಹೇಳಬೇಡ. ನನ್ನ ಕಾಳಿ ಹೋಗ್ತಾಳೆ.”

“ಹೇಳ್ತೀನೇನೇ? ನನ್ನ ಕಣ್ಣಾಣೆ!” ಅಂದಳು ಮಾದಕ್ಕ.

ಕಣ್ಣಾಣೆ ಮಾಡಿದವಳು ಬಾವಿಕಟ್ಟೆವರೆಗೂ ತಡೆದುಕೊಂಡಿದ್ದಳು, ಪಾಪ. ಅಲ್ಲಿ ಒಬ್ಬಳ ಕಿವಿಗೆ ಹಾಕಿ, “ಯಾರಿಗೂ ಹೇಳಬೇಡ” ಅಂದಳು. ಅವಳು ತವರಿಗೆ ಹೋಗಿ ಹೇಳಿ, “ಯಾರಿಗೂ ಹೇಳಬೇಡಿ” ಅಂದಳು. ತವರಿನವರು ಬೀಗರಿಗೆ ಹೇಳಿ, “ಯಾರಿಗೂ ಹೇಳಬೇಡಿ” ಅಂದರು. ಡಂಗುರ ಸಾರಿದ್ದರೆ ಅಷ್ಟು ಬೇಗ ಮುಟ್ಟುತ್ತಿತ್ತಾ?

ಮೊದಲನೇ ದಿನ ಹೊಳೆದಂಡೆಗೆ ಗುಡ್ಡದವರು ಬರಲಿಲ್ಲ. ಎರಡನೇ ದಿನ ಬಯಲವರು ಬರಲಿಲ್ಲ. ಮೂರನೇ ದಿನ ಮರಳಿನವರೂ ಬರಲಿಲ್ಲ. ಪಾರುಪತ್ಯಗಾರ ಹೆಪ್ಪಿನ ಹಂಡೆ ಮುಂದಿಟ್ಟುಕೊಂಡು, ನೊಣ ಓಡಿಸ್ತಾ ಒಬ್ಬನೇ ಕೂತ! ಬಂದ ಕೋಪಕ್ಕೆ ಮನೆಮನೆ ನುಗ್ಗಿದ. ಎಲ್ಲಿ ನೋಡಿದರೂ ಮೊಸರು!

“ಯಾರು ಕಲಿಸಿದ್ದು?”

“ಗೊತ್ತಿಲ್ಲ ಬುದ್ಧಿ. ಯಾರಿಗೂ ಹೇಳಬೇಡಿ ಅಂದಿದ್ದಾರೆ.”

ಆಗ ಅವನಿಗೆ ದೇವೀರಿಯ ಪ್ರಶ್ನೆ ನೆನಪಾಯಿತು. ನೆಟ್ಟಗೆ ಹೋಗಿ ಕಾಳಿಯ ಹಗ್ಗ ಬಿಚ್ಚಿದ. ದೇವೀರಿ ಹಗ್ಗದ ಇನ್ನೊಂದು ತುದಿ ಹಿಡಿದು ಜೋತುಬಿದ್ದಳು. ಮಕ್ಕಳು ಎಮ್ಮೆಯ ಕಾಲು ತಬ್ಬಿಕೊಂಡವು. ಮಾದಕ್ಕ ಎದೆ ಎದೆ ಬಡಿದುಕೊಂಡಳು. ನನ್ನ ಬಾಯಿಂದ ಆದದ್ದಲ್ಲವಾ ಇದು ಅಂತ! ಮನೆಗೆ ಓಡಿ, ತನ್ನ ಎಮ್ಮೆ ಹಿಡಿದು ತಂದು ಅವನ ಎದುರು ನಿಲ್ಲಿಸಿದಳು.

“ನಮ್ಮನೇಲೂ ಮೊಸರಾಗಿದೆ. ಇದನ್ನೂ ಹೊಡ್ಕೊಂಡು ಹೋಗು!”

ಆಚೆ ಬೀದಿಯವಳು ತಂದಳು. “ನನ್ನದೂ ತಗೋ!” ಬಯಲಿಂದ ಬಂದವು, ಮರಳಿಂದ ಬಂದವು. ಎಮ್ಮೆ, ಎಮ್ಮೆ, ಎಲ್ಲೆಲ್ಲೂ ಎಮ್ಮೆ! ಅವನಿಗೆ ಇರೋದು ಎರಡೇ ಕೈ. ಹಿಡೀತಾನಾ, ಬಿಡ್ತಾನಾ? ಹೊಳೆದಂಡೆವರೆಗೆ ಹೇಗೋ ಹೊಡೆದ. ನೀರು ಕಂಡ ಎಮ್ಮೆ ದೋಣಿ ಹತ್ತುತ್ತಾ? ಸಾವಿರ ಎಮ್ಮೆ ಹೊಳೆಗಿಳಿದು, ದೋಣಿಯ ಸುತ್ತ ಮೂಗು ಮೇಲಿಟ್ಟುಕೊಂಡು ಮಲಗಿಬಿಟ್ಟವು! ಹಂಡೆ ಉರುಳಿ ಹೋಯಿತು. ಪಾರುಪತ್ಯಗಾರ ತಲೆಯ ರುಮಾಲು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು, ಎಮ್ಮೆ ಬೆನ್ನು ತುಳೀತಾ ತುಳೀತಾ ಆಚೆ ದಡ ಸೇರಿದ. ಅವತ್ತು ಹೋದವನು ಈಚೆಗೆ ಬರಲೇ ಇಲ್ಲ.

ಹೆಪ್ಪಿಗೆ ಬೇಡದ ರಾಣಿ ಇನ್ನು ಯಾತಕ್ಕೆ ಬೇಕು? ಗುಡ್ಡದವರು ಅವಳ ಬಾವುಟ ಇಳಿಸಿದರು. ಬಯಲವರು ಇಳಿಸಿದರು. ಮರಳಿನವರು ಇಳಿಸಿ, ಹರಿದು, ಗಡಿಗೆ ಒರೆಸೋ ಬಟ್ಟೆ ಮಾಡಿಕೊಂಡರು. ಮೂರು ದೇಶಕ್ಕೆ ಮೂರು ಪಂಚಾಯಿತಿ ಆಯಿತು. ಸ್ವತಂತ್ರ ಅಂದರೆ ಅದು!

ಆಚೆ ದಡಕ್ಕೆ ಹಾಲು ನಿಂತಿತು. ಹಾಲು ನಿಂತ ಮೇಲೆ ಅರಮನೆ ಹೆಪ್ಪು ಎಷ್ಟು ದಿನ ಬಾಳೀತು? ಎಂಟನೇ ದಿನ ಮಹಾರಾಣಿ ತಾನೇ ದೋಣಿ ಹತ್ತಿ, ಖಾಲಿ ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ದೇವೀರಿಯ ಬಾಗಿಲಿಗೆ ಬಂದಳು. ದೇವೀರಿ ಬೈದಳಾ? ಬಗ್ಗಿಸಿದಳಾ? ಇಲ್ಲ.

“ಬಾರಮ್ಮ, ಕೂತುಕೋ. ಬಾಗಿಲಿಗೆ ಬಂದು ಹೆಪ್ಪು ಕೇಳಿದವರಿಗೆ ಇಲ್ಲ ಅನ್ನೋದಿಲ್ಲ. ಹಾಲಿಗೆ ಮಾತ್ರ ನೀನೂ ಒಂದು ಎಮ್ಮೆ ಕಟ್ಟಿಕೋ.”

ಕತೆ ಹೆಪ್ಪುಗಟ್ಟಿತು, ಗಡಿಗೆ ಮುಚ್ಚಿದೆ. ಕೇಳಿದವರ ಮನೆಯಲ್ಲಿ ಹಾಲು ಕೆಡದಿರಲಿ.

ಅಂತ ಹೇಳಿ ಕೈ ಮುಗಿದೆನೋ ಇಲ್ಲವೋ, ಆ ಜವರಮ್ಮ ಅವರೆಸಿಪ್ಪೆ ಕೊಡವಿಕೊಂಡು ಎದ್ದಳು. ಎಲ್ಲರ ಎದುರಿಗೇ, ನನ್ನ ಮುಖ ನೋಡಿಕೊಂಡೇ ಅಂದಳು:

“ಪುಟ್ಟತಾಯಕ್ಕಾ, ನಿನ್ನ ಪೆಟ್ಟಿಗೆ ಬೀಗ ಇನ್ನು ತೆಗೆದುಬಿಡು. ನಿನ್ನ ಸೊಸೆ ಮೊನ್ನೆಯೇ ನಮ್ಮನೆಗೆ ಬಂದು ಒಂದು ಹಿಡಿ ಮೆಣಸಿನಕಾಯಿ ತೊಟ್ಟು ಇಸ್ಕೊಂಡು ಹೋದಳು. ಯಾರಿಗೂ ಹೇಳಬೇಡಿ ಅಂದಿದ್ದಳು.”